ಕಸ್ತೂರೆವ್ವನ ಆರನೂರಾ ಹನ್ನೆರಡು

ಬಾಣಂತನ ಮಾಡೂದ್ರಾಗ ತನ್ನ ಬಿಟ್ರ ತಾಂಬಾ ಊರಾಗ ಇನ್ನೊಬ್ಬಾಕಿ ಇಲ್ಲ ಅಂತ ಕಸ್ತೂರೆವ್ವಗ ಭಾಳ ಗತ್ತು. ಮಗಳು ಪ್ರಿಯದರ್ಶಿನಿ ಚೊಚ್ಚಲ ಹೆರಿಗಿಗೆ ತವರಿಗೆ ಬಂದು, ಹೆಣ್ಣು ಕೂಸು ಹುಟ್ಟಿ ಇಪ್ಪತ್ತು ದಿನ ಆಗಿತ್ತು. ಕಸ್ತೂರೆವ್ವ ಕೋಣಿ ಕಿಡಕಿ ಮುಚ್ಚಿದ್ಲು, ಸಂದಿಗೆಲ್ಲಾ ಗೋಣಿಚೀಲ ತುರುಕಿದ್ಲು, ಹೊರಸಿನ ಕೆಳಗ ಶೇಗಡಿ ಇಟ್ಟು ಬೆಂಕಿ ಮಾಡಿದ್ಲು. ಕಟಗಿ ಇದ್ಲಿ ಲಗೂನ ಬೂದಿ ಆಗ್ತೈತಿ ಅಂತ ಇಟ್ಟಂಗಿ ಭಟ್ಟಿ ರೇವಣಪ್ಪನ ಕಡಿಂದ ಒಂದು ಚೀಲ ಕಲ್ಲಿದ್ಲಿನೂ ತರಿಸಿದ್ಲು. ಬಾಣಂತಿಗೆ ಕಾವು ಹತ್ತಿದಷ್ಟೂ ಎಲುಬು ಗಟ್ಟಿ ಅಂತ ಆಕಿ ನಂಬಿಕಿ. ಕೂಸು ಮಾತ್ರ ಖೊಕ್ ಖೊಕ್ ಅಂತ ಕೆಮ್ಮತಿತ್ತು.

"ಯವ್ವಾ, ಕೂಸಿನ ಕೆಮ್ಮು ನಿಲ್ಲವಲ್ದು. ಐದು ತಿಂಗಳ ಇಲ್ಲಿ ಇರೂದು ನನ್ನಿಂದ ಆಗೂದಿಲ್ಲ. ಐತವಾರ ನಿನ್ನ ಅಳ್ಯಾ ಬರ್ತಾರ, ಆಲಮಟ್ಟಿಗೆ ಹೊಂಟೇ ಬಿಡ್ತೇನಿ," ಅಂದ್ಲು ಪ್ರಿಯದರ್ಶಿನಿ.

ಕೂಸು ಹೋದ್ರ ಮನ್ಯಾಗ ಏನ ಉಳೀತು, ಮಣ್ಣು! ಕಸ್ತೂರೆವ್ವ ತನ್ನ ಆರೈಕಿ ಎಲ್ಲೋ ಕಮ್ಮಿ ಬಿತ್ತು ಅಂತ ತಿಳಕೊಂಡು ಇನ್ನೊಂದು ಹಿಡಿ ಇದ್ಲಿ ಸುರದ್ಲು.

ಮಂಗಳವಾರ ಆಶಾ ಕಾರ್ಯಕರ್ತಿ ಸುನೀತಾ ಅಂಗೈಯಷ್ಟು ಒಂದು ಡಬ್ಬಿ ತಂದು ಬಾಣಂತಿ ಕೋಣ್ಯಾಗ ಇಟ್ಲು. ಡಬ್ಬಿ ಮ್ಯಾಲ ಅಂಕಿ ಮಿಣಮಿಣ ಅಂತಿದ್ವು. ಅದು ಯಾಕ, ಏನು ಅಂತ ಆಕಿ ಹೇಳಿದ್ದು ಖರೆ. ಆದ್ರ ಕಸ್ತೂರೆವ್ವನ ಧ್ಯಾನ ಒಲಿ ಮ್ಯಾಲಿನ ಹಾಲಿನ ಮ್ಯಾಲಿತ್ತು. ಬಾಜೂ ಮನಿ ರುಕ್ಮಿಣೀಬಾಯಿ ಸೊಸಿ ಮಂಜರಿನೂ ಬಾಣಂತಿ, ಅವರಿಗೂ ಒಂದು ಡಬ್ಬಿ ಇಟ್ಟಾರ ಅನ್ನೂದಷ್ಟ ಕಿವಿಗೆ ಬಿತ್ತು.

ಅಷ್ಟ ಸಾಕಾತು. ಬಾಣಂತನಕ್ಕ ಮಾರ್ಕ್ಸ್ ಕೊಡಾಕತ್ತಾರ ಅಂತ ಕಸ್ತೂರೆವ್ವ ತಿಳಕೊಂಡ್ಲು.

"ಬಾಯಾರ, ನಿಮ್ಮದು ಎಷ್ಟು ಬಂದೈತಿ?" ಅಂತ ಗ್ವಾಡಿ ಮ್ಯಾಲಿಂದ ಕೇಳಿದ್ಲು.

"ನಲವತ್ತಾರು ಅದ ನೋಡ್ರಿ. ನಿಮ್ಮದು?"

"ಮುನ್ನೂರಾ ಎಂಬತ್ತು!"

ರುಕ್ಮಿಣೀಬಾಯಿ ಮಾರಿ ಸಣ್ಣದಾತು. ಕಸ್ತೂರೆವ್ವ ಒಳಗ ಓಡಿ ಶೇಗಡಿ ತುಂಬ ಇದ್ಲಿ ಒಟ್ಟಿದ್ಲು. ಶುಕ್ರವಾರ ಮುಂಜಾನಿ ಡಬ್ಬಿ ಆರನೂರಾ ಹನ್ನೆರಡು ತೋರಿಸ್ತು. ಆಹಾ! ಓಣಿ ತುಂಬ ಸಕ್ರಿ ಹಂಚಿದ್ಲು ಮಹಾತಾಯಿ. ರುಕ್ಮಿಣೀಬಾಯಿ ಸಕ್ರಿ ಬಾಯಾಗ ಹಾಕ್ಕೊಂಡು, ನಾಚಗೋತ, ಖಾಲಿ ಬುಟ್ಟಿ ಮುಂದ ಮಾಡಿದ್ರು. "ನಮಗೂ ಒಂದೀಟು ಇದ್ಲಿ ಕೊಡ್ರಿ. ಗ್ಯಾಸಿನ ಮ್ಯಾಗ ನಂಬರ ಏರವಲ್ದು."

ಕಸ್ತೂರೆವ್ವ ದೊಡ್ಡ ಮನಸ್ಸು ಮಾಡಿ ಬುಟ್ಟಿ ತುಂಬಿಸಿ ಅವರನ್ನ ಕಳಿಸೂದಕ್ಕೂ ಸುನೀತಾ ಬರೂದಕ್ಕೂ ಒಂದಾತು. "ಸಕ್ರಿ ತಿನ್ನವಾ, ಆರನೂರಾ ಹನ್ನೆರಡು ಮಾರ್ಕ್ಸ್ ಬಂದಾವು!" ಅಂದ್ಲು ಕಸ್ತೂರೆವ್ವ. ಸುನೀತಾ ಡಬ್ಬಿ ನೋಡಿದಾಕಿನ ಗೋಣಿಚೀಲ ಕಿತ್ತೊಗದು ಕಿಡಕಿ ದಬಾರಂತ ತಗದ್ಲು.

"ಅಯ್ಯ ನಮ್ಮವ್ವನ! ಕಾಕು, ಇವು ಮಾರ್ಕ್ಸ್ ಅಲ್ರಿ, ಹೊಗಿಯೊಳಗಿನ ಧೂಳಿನ ಲೆಕ್ಕ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು, ಮೂಗಿನ್ಯಾಗ ನಿಲ್ಲಂಗಿಲ್ಲ, ಸೀದಾ ಪುಪ್ಪಸಕ್ಕ ಇಳೀತೈತಿ. ನಂಬರ್ ಏರಿದಷ್ಟೂ ಕೆಟ್ಟ. ಮುಚ್ಚಿದ ಕೋಣ್ಯಾಗ ಇದ್ಲಿ ಹೊತ್ತಿಸಿದ್ರ ಜೀವಾನ ಹೋಗ್ತಾವು!"

ಕಸ್ತೂರೆವ್ವ ಹೊಸ್ತಿಲದಾಗ ಕುಸದು ಕುಂತ್ಲು. ಕೈಯಾಗ ಇನ್ನೂ ಸಕ್ರಿ ಇತ್ತು. "ಮುದ್ದು ಮಾಡಾಕತ್ತೇನಿ ಅಂತ ನನ್ನ ಕೂಸಿಗೆ ಧೂಳು ಉಣಸಾಕತ್ತಿದ್ನೆಲ್ಲ," ಅಂತ ಕಣ್ಣೀರು ಹಾಕಿದ್ಲು. ಹಂಗ ಅಳೂದ್ರಾಗ ಬುಟ್ಟಿ ನೆನಪಾತು. ಸೆರಗು ಸಿಗಸಿದಾಕಿನ ಓಡಿದ್ಲು, ಇದ್ಲಿ ಹೊತ್ತಸಾಕ ಊದಗೊಳವಿ ಹಿಡದು ಕುಂತಿದ್ದ ರುಕ್ಮಿಣೀಬಾಯಿ ಮುಂದಿನ ಬುಟ್ಟಿ ಕಸಗೊಂಡ್ಲು. "ಹೊತ್ತಸಬ್ಯಾಡ್ರಿ! ನೀವ ಗೆದ್ದೀರಿ ಬಾಯಾರ, ನಾ ನಪಾಸಾಗೇನಿ!"

ಶೇಗಡಿನೂ ಹೊರಗ ಬಿತ್ತು. "ಹಂಗಾದ್ರ ಕಾವಿಗೆ ಏನ ಮಾಡ್ಲಿ?" ಅಂತ ಕೇಳಿದ್ದಕ್ಕ ಸುನೀತಾ ನಕ್ಕು, "ತಾಂಬಾದಾಗ ಬಿಸಿಲಿಗೇನು ಬರ ಬಂದೈತೇನ್ರಿ?" ಅಂದ್ಲು.

ಐತವಾರ ಅಳಿಯ ಸಂಗು ಜೀಪು ತಗೊಂಡು ಬಂದ. ಪ್ರಿಯದರ್ಶಿನಿ ಬ್ಯಾಗು ಬಾಗಿಲದಾಗ ಇತ್ತು. ಕಸ್ತೂರೆವ್ವ ಅಳಿಯನ ಮುಂದ ಶೇಂಗಾ ಹೋಳಗಿ ಇಟ್ಟು, ಡಬ್ಬಿನೂ ಇಟ್ಲು. "ಓದ್ರಿ," ಅಂದ್ಲು.

"ಇಪ್ಪತ್ತೊಂಬತ್ತು ಐತ್ರಿ ಅತ್ತಿ."

ಒಳಗ ಕೂಸು ಎರಡು ತಾಸಿನಿಂದ ಒಂದ ಸಲಾನೂ ಕೆಮ್ಮದ ಮಲಗಿತ್ತು. ಪ್ರಿಯದರ್ಶಿನಿ ತೆರೆದ ಕಿಡಕಿ ನೋಡಿದ್ಲು, ಅವ್ವನ ಮಾರಿ ನೋಡಿದ್ಲು. ಬ್ಯಾಗು ಎಳಕೊಂಡು ಒಳಗ ಹೋಗಿ ಅರಿವಿ ಎಲ್ಲಾ ವಾಪಸ್ ಕಪಾಟಿನ್ಯಾಗ ಇಟ್ಲು.

"ನೀವು ಹೋಳಗಿ ತಿಂದು ಆರಾಮ ಹೋಗ್ರಿ. ನಾ ಐದು ತಿಂಗಳ ಮುಗಿಸೇ ಬರ್ತೇನಿ," ಅಂದ್ಲು ಗಂಡಗ.

ಕಸ್ತೂರೆವ್ವಗ ಕಾಲು ನೆಲದ ಮ್ಯಾಲ ನಿಲ್ಲಲಿಲ್ಲ. ಗ್ವಾಡಿ ಕಡೆ ಓಡಿದ್ಲು. "ಬಾಯಾರ, ಇಪ್ಪತ್ತೊಂಬತ್ತರೀ!"

"ನಮ್ಮದು ಇಪ್ಪತ್ತೆಂಟು ಅದ," ಅಂದ್ರು ರುಕ್ಮಿಣೀಬಾಯಿ.

ಕಸ್ತೂರೆವ್ವ ಗಕ್ಕನ ನಿಂತ್ಲು. ಒಳಗ ಬಂದು ಇನ್ನೂ ಎಲ್ಲಿ ಹೊಗಿ ಐತಿ ಅಂತ ಮೂಲಿ ಮೂಲಿ ಹುಡುಕಿದ್ಲು. ದೇವರ ಜಗಲಿ ಮ್ಯಾಲ ಊದಿನಕಡ್ಡಿ ಸಣ್ಣಗ ಹೊಗಿಯಾಡತಿತ್ತು. "ಐದು ತಿಂಗಳ ತಡಕೋ ನಮ್ಮಪ್ಪಾ ಮಾಳಿಂಗರಾಯ," ಅಂತ ಕೈಮುಗದು, ಅದನ್ನ ತಗೊಂಡು ಹೋಗಿ ಅಂಗಳದಾಗ ಚುಚ್ಚಿ ಬಂದ್ಲು.