ಕುಡಿದ ಅಮಲಿನಲ್ಲಿ

ಉಮಾಶಂಕರನಿಗೆ ಎಚ್ಚರವಾದಾಗ ಬಾಯಲ್ಲಿ ಮಣ್ಣಿತ್ತು, ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಬಿಸಿಲು ಆಗಲೇ ಏರಿತ್ತು. ಎದ್ದು ಕೂತು ನೋಡಿದರೆ ನಾಲ್ಕೂ ಕಡೆ ನೀರು. ಬಿಳಿಗುಂಟೆ ಕೆರೆಯ ನಡುಗಡ್ಡೆಯಲ್ಲಿ ಅವನೊಬ್ಬನೇ ಬಿದ್ದಿದ್ದ.

ನಿನ್ನೆ ಮಧ್ಯಾಹ್ನದ ಪಾರ್ಟಿ ನಿಧಾನವಾಗಿ ನೆನಪಾಯಿತು. ಕೆರೆಯ ಮಣ್ಣೆತ್ತುವ ಕಂಟ್ರಾಕ್ಟರ್ ಬೈರೇಶ್ ಐದಾರು ಜನರನ್ನು ಮೋಟಾರ್ ದೋಣಿಯಲ್ಲಿ ಇಲ್ಲಿಗೆ ಕರೆತಂದಿದ್ದ. ನಾಟಿಕೋಳಿ, ಮುದ್ದೆ, ಬೇಕಾದಷ್ಟು ಬಾಟಲಿ. ಹೋಗುವಾಗ ಎಲ್ಲರೂ ಹೋಗಿದ್ದರು, ಇವನನ್ನು ಮಾತ್ರ ಮರೆತಿದ್ದರು. ತಂದ ತಂಪುಪೆಟ್ಟಿಗೆಯನ್ನು ಮರೆಯದೆ ಒಯ್ದಿದ್ದರು ಅನ್ನುವುದನ್ನೂ ಗಮನಿಸಿ. ಇಪ್ಪತ್ತೆರಡು ವರ್ಷ ದೊಡ್ಡಬಳ್ಳಾಪುರದ ವರದಿಗಾರನಾಗಿದ್ದವನ ಬೆಲೆ ಅಷ್ಟಕ್ಕೆ ಬಂದು ನಿಂತಿತ್ತು.

ಫೋನು ಸತ್ತಿತ್ತು. ಈಜು ಬರುತ್ತಿರಲಿಲ್ಲ. ಕೈ ನಡುಗುತ್ತಿತ್ತು, ಒಂದು ಗುಟುಕು ಬಿದ್ದರೆ ನಿಲ್ಲುತ್ತದೆಂದು ಅವನಿಗೆ ಗೊತ್ತು. ಹುಲ್ಲಿನಲ್ಲಿ ಬಿದ್ದಿದ್ದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನಾಲಿಗೆಯ ಮೇಲೆ ಬೋರಲು ಹಾಕಿಕೊಂಡ. ಹೀಗೆ ಹಾಕಿಕೊಳ್ಳುತ್ತಿರುವಾಗಲೇ ಹರಿಗೋಲೊಂದು ಬಂದು ದಡಕ್ಕೆ ತಗುಲಿತು.

ಹುಟ್ಟು ಹಾಕುತ್ತಿದ್ದವಳು ಐವತ್ತರ ಹೆಂಗಸು. ಹಣೆ ಬರಿದು, ಕೈ ಬರಿದು. ಇವನನ್ನು ಕಂಡು ಒಂದು ಕ್ಷಣ ತಡೆದಳು, ಆಮೇಲೆ ಹರಿಗೋಲನ್ನು ಜಾಲಿ ಬೇರಿಗೆ ಕಟ್ಟಿದಳು.

"ಯಾರಣ್ಣ ನೀವು? ಇಲ್ಲೇನ್ ಮಾಡ್ತಿದ್ದೀರ?"

"ಮೀನು ಹಿಡಿಯೋಕೆ ಬಂದಿದ್ದೆ ಅಕ್ಕ. ಜೊತೇಲಿ ಬಂದೋರು ಬಿಟ್ಟೋದ್ರು."

ಗಾಳವೂ ಇಲ್ಲ, ಬಲೆಯೂ ಇಲ್ಲ. ಕೈಯಲ್ಲಿ ಖಾಲಿ ಬಾಟಲಿ. ಅವಳು ಅದನ್ನೂ ನೋಡಿದಳು. "ಇರಿ, ನನ್ ಕೆಲ್ಸ ಮುಗಿಸ್ಕೊಂಡು ದಡಕ್ಕೆ ಬಿಡ್ತೀನಿ," ಎಂದು ಬೇವಿನ ಮರದ ಬುಡಕ್ಕೆ ಹೋದಳು. ಅಲ್ಲಿ ಅರಿಶಿನ ಬಳಿದ ಗಂಗಮ್ಮನ ಕಲ್ಲಿತ್ತು. ಕಲ್ಲಿನ ಪಕ್ಕದಲ್ಲೇ ನಿನ್ನೆಯ ಕೋಳಿಮೂಳೆ ಬಿದ್ದಿದ್ದವು. ಅವನ್ನು ಬರಿಗೈಯಲ್ಲೇ ಆಯ್ದು ದೂರ ಎಸೆದು, ನೀರು ಚಿಮುಕಿಸಿ, ಬಾಳೆಲೆ ಹಾಸಿದಳು. ಅನ್ನ, ಅವರೆಕಾಳಿನ ಸಾರು, ಎರಡು ವಡೆ, ಒಂದು ಬಾಳೆಹಣ್ಣು. ಸತ್ತವರಿಗೆ ಇಡುವ ಎಡೆ.

ಕೊನೆಗೆ ಬುಟ್ಟಿಯ ತಳದಿಂದ ಒಂದು ಕ್ವಾರ್ಟರ್ ಬಾಟಲಿ ತೆಗೆದಳು. ಎಡೆಗೆ ಇಡಲಿಲ್ಲ. ನೀರಿಗೆ ಎಸೆಯಲು ಕೈ ಎತ್ತಿದವಳು ಇವನ ಕಣ್ಣು ಕಂಡು ನಿಂತಳು.

"ನಿಮ್ಗೆ ಬೇಕೇನಣ್ಣ? ಕೈ ನಡುಗ್ತೈತೆ. ತಗೊಳಿ, ನಂಗೆ ಬ್ಯಾಡ."

ಅವನು ಬೇಡವೆನ್ನಲಿಲ್ಲ. ಎರಡೂ ಕೈ ಚಾಚಿ ಇಸಿದುಕೊಂಡ. ಮುಚ್ಚಳ ತಿರುವಿದ, ಅದು ಕರಕ್ಕೆಂದಿತು.

"ನಿನ್ನೆ ನಮ್ಮೆಜಮಾನ್ರ ಹನ್ನೊಂದ್ನೇ ದಿನ," ಎಂದಳು ಅವಳು, ಎಲೆಯ ಮುಂದೆ ಕೂರುತ್ತ. "ಮನೇಲಿ ಎಡೆ ಇಕ್ಕಿದ್ವಿ. ಅವ್ರ ತಮ್ಮ ಗಂಗಣ್ಣ ಈ ಬಾಟ್ಲಿ ತಂದು ಎಡೆ ಪಕ್ಕ ಇಟ್ಬಿಟ್ಟ. ಯಾಕ್ಲಾ ಅಂದ್ರೆ, 'ಸತ್ತೋರಿಗೆ ಇಷ್ಟವಾಗಿದ್ದು ಇಡ್ಬೇಕಲ್ಲ ಅತ್ತಿಗೆ, ನಮ್ಗೆ ಗೊತ್ತಿಲ್ದಂಗೆ ಕುಡೀತಿದ್ನೇನೋ, ಪೇಪರ್ನಾಗೇ ಬಂದೈತಲ್ಲ' ಅಂತಾನೆ. ಮೂವತ್ತೊರ್ಷ ಸಂಸಾರ ಮಾಡಿದ್ದು ನಾನು. ಒಂದಿನ ಬಾಯಿ ವಾಸನೆ ಬಂದಿಲ್ಲ. ಪೇಪರ್ನೋರಿಗೆ ಬಂತು."

ಉಮಾಶಂಕರನ ಕೈ ಮುಚ್ಚಳದ ಮೇಲೆಯೇ ನಿಂತಿತು.

"ಕಾಗೆ ಮುಟ್ಲಿಲ್ಲ. ಸಂಜೆಗಂಟ ಕಾದ್ವಿ. ಇನ್ನೊಂದ್ ಬಾಟ್ಲಿ ಇಡ್ಬೇಕಿತ್ತು ಅಂತ ನೆಂಟ್ರು ನಕ್ರು. ಅದ್ಕೇ ಇವತ್ತು ಇಲ್ಲಿಗ್ ತಂದೆ. ಇದು ಅವ್ರು ದಿನಾ ಬರ್ತಿದ್ ಜಾಗ."

ಅವಳು ಗಂಡನ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಬಿಳಿಗುಂಟೆಯ ನೀರುಗಂಟಿ ಮುನಿಶಾಮಪ್ಪ, ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವವನು. ಅವನು ಸತ್ತ ಸಂಜೆ ಬೈರೇಶನ ಫೋನು ಬಂದಾಗ ಉಮಾಶಂಕರ್ ಬಸ್ ನಿಲ್ದಾಣದ ಎದುರಿನ ಬಾರಿನಲ್ಲಿದ್ದ. "ಕುಡ್ದು ಬಿದ್ದವ್ನೆ ಗುರು, ಹಂಗೇ ಹಾಕ್ಬಿಡು," ಎಂದಿದ್ದ ಬೈರೇಶ್. ಮೂರನೇ ಪೆಗ್ಗು ಮುಂದಿಟ್ಟುಕೊಂಡು ಇವನು ಮೊಬೈಲಿನಲ್ಲೇ ಟೈಪು ಮಾಡಿದ್ದ: 'ಕುಡಿದ ಅಮಲಿನಲ್ಲಿ ಕೆರೆಗೆ ಬಿದ್ದು ನೀರುಗಂಟಿ ಸಾವು.' ಆ ಎರಡು ಪದವನ್ನು ಅವನು ಎಷ್ಟು ಹೆಣಗಳ ಮೇಲೆ ಹೊದಿಸಿದ್ದನೋ ಲೆಕ್ಕವಿಲ್ಲ. ಬೆರಳಿಗೆ ಅಭ್ಯಾಸವಾಗಿತ್ತು.

ಆದರೆ ಅಭ್ಯಾಸ ಅಂತ ಕೈ ತೊಳೆದುಕೊಳ್ಳುವ ಹಾಗೂ ಇರಲಿಲ್ಲ. ಬೇಸಿಗೆಯಲ್ಲಿ ಇದೇ ಮುನಿಶಾಮಪ್ಪ ಅವನ ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದ. ಬಿಳಿ ಪಂಚೆ, ಕಂಕುಳಲ್ಲಿ ಟವೆಲು. ಬೈರೇಶ ತೂಬಿನ ದಾರಿಯಲ್ಲೇ ಎರಡಾಳುದ್ದ ಗುಂಡಿ ತೋಡಿದ್ದಾನೆ, ಮಳೆ ಬಂದು ನೀರು ನಿಂತರೆ ಜನ ದನ ಉಳಿಯುವುದಿಲ್ಲ, ಪೇಪರಿನಲ್ಲಿ ಹಾಕಿ ಅಂತ ಅರ್ಜಿ ಕೊಟ್ಟಿದ್ದ. "ನೋಡೋಣ ಹೋಗಪ್ಪ," ಎಂದು ಇವನು ಅದನ್ನು ಮೇಜಿನ ಡ್ರಾಯರಿಗೆ ತುರುಕಿದ್ದ. ಸತ್ತವನ ಹೆಸರು ಕೇಳಿದಾಗ ಆ ಟವೆಲು ನೆನಪಾಗಿತ್ತು. ನೆನಪಾಗಿಯೂ ಟೈಪು ಮಾಡಿದ್ದ. ಬೈರೇಶನ ಬಾಟಲಿಗಳಿಗೆ ಅಷ್ಟು ದಾಕ್ಷಿಣ್ಯ ತೋರಿಸಬೇಕಲ್ಲ!

ಮೇಲೆ ಕೊಂಬೆಯಲ್ಲಿ ರೆಕ್ಕೆ ಬಡಿದ ಸದ್ದಾಯಿತು. ಕಾಗೆಯೊಂದು ಇಳಿದು ಬಂದು, ಕತ್ತು ಓರೆ ಮಾಡಿ ನೋಡಿ, ವಡೆ ಕಚ್ಚಿಕೊಂಡು ಹಾರಿತು. ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅತ್ತು ಮುಗಿಸಿ ಮೂಗೊರೆಸಿಕೊಂಡಳು.

"ನೋಡಿದ್ರಾ ಅಣ್ಣ? ಬಾಟ್ಲಿ ಇಲ್ದಿದ್ಕೆ ಬಂದ್ರು. ನಂಗ್ ಸಾಕು. ಆದ್ರೆ ಈ ಕಾಗೆ ಹೋಗಿ ಊರೋರ್ಗೆ ಹೇಳ್ತದಾ?"

ಉಮಾಶಂಕರ್ ತಲೆ ಎತ್ತಲಿಲ್ಲ. ಹೇಳಬೇಕಾದವನು ಅವಳ ಎದುರಿಗೇ ಕೂತಿದ್ದ, ಅವಳದೇ ಬಾಟಲಿ ಹಿಡಿದುಕೊಂಡು. ಮುಚ್ಚಳವನ್ನು ತಿರುಗಿ ಬಿಗಿ ಮಾಡಿದ. ನಾಚಿಕೆಗೆ ಕಿವಿಯ ತನಕ ಬಿಸಿ ಹತ್ತಿತ್ತು.

ಹರಿಗೋಲಿನಲ್ಲಿ ಅರ್ಧ ದಾರಿ ಬಂದಿದ್ದರು. ಅವಳು ಹುಟ್ಟು ನಿಲ್ಲಿಸಿ, ಪಕ್ಕದಲ್ಲಿದ್ದ ಉದ್ದನೆಯ ಗಳವನ್ನು ನೀರಿಗೆ ಇಳಿಸಿದಳು. ಗಳ ಪೂರ್ತಿ ಮುಳುಗಿ ಅವಳ ಮೊಣಕೈಯೂ ನೆನೆಯಿತು; ನೆಲ ಸಿಗಲಿಲ್ಲ.

"ಇಲ್ಲೇ," ಎಂದಳು. "ಸುತ್ತಾ ಎದೆಮಟ್ಟ. ಇಲ್ಲಿ ಮಾತ್ರ ತಳ ಇಲ್ಲ. ತೂಬೆತ್ತಕ್ಕೆ ನಡ್ಕಂಡು ಬಂದ್ರು, ಕಾಲಿಟ್ರು."

"ಅಕ್ಕ," ಎಂದ ಅವನು. "ಆ ಸುದ್ದಿ ಬರೆದವನು ನಾನೇ."

ಅವಳು ಗಳವನ್ನು ಮೇಲೆಳೆದಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಎಲ್ಲ ಹೇಳಿದ: ಅರ್ಜಿ, ಡ್ರಾಯರು, ಬೈರೇಶನ ಫೋನು, ನಿನ್ನೆಯ ನಾಟಿಕೋಳಿ. ನಿಮ್ಮ ಮನೆಯಲ್ಲಿ ಎಡೆ ಇಡುತ್ತಿದ್ದಾಗ ನಾವು ಇಲ್ಲಿ ಕುಡಿಯುತ್ತಿದ್ದೆವು ಎಂದೂ ಹೇಳಿದ. ಈಗ ನೀರಿಗೆ ತಳ್ಳಿದರೂ ನ್ಯಾಯವೇ ಎನಿಸಿತು. ತಳ್ಳಿಸಿಕೊಂಡರೆ ಬರೆಯುವುದು ತಪ್ಪುತ್ತದಲ್ಲ ಎಂಬ ಆಸೆಯೂ ಒಳಗೆಲ್ಲೋ ಮಿಣುಕಿತು. ಅದಕ್ಕೂ ನಾಚಿಕೆಯಾಯಿತು.

ಅವಳು ಗಳವನ್ನು ಹರಿಗೋಲಿಗೆ ಅಡ್ಡಲಾಗಿ ಇಟ್ಟು ಕೇಳಿದಳು. "ಅವತ್ತು ನೀವು ಕುಡ್ದಿದ್ರಾ?"

"ಹೂಂ."

"ಹಂಗಾದ್ರೆ ಕುಡ್ದಿದ್ದು ನೀವು. ಹೆಸ್ರು ಮಾತ್ರ ಅವರ್ದು ಹಾಕಿದ್ರಿ."

ಅಣ್ಣ ಅನ್ನುವುದು ಅಲ್ಲಿಗೇ ನಿಂತಿತ್ತು. ಆದರೂ ದಡ ಮುಟ್ಟಿಸಿದಳು. ಅವನು ಬಾಟಲಿಯನ್ನು ಹರಿಗೋಲಿನಲ್ಲೇ ಬಿಟ್ಟು ಇಳಿಯಹೋದರೆ ತಡೆದು ಅವನ ಕೈಗೇ ಕೊಟ್ಟಳು. "ಇದು ನಿಮ್ದೇ. ತಗೊಂಡೋಗಿ."

ಆ ದಿನ ಮಧ್ಯಾಹ್ನ ಆಫೀಸಿನಲ್ಲಿ ಕೂತು, ಡ್ರಾಯರಿನಿಂದ ಅರ್ಜಿ ಹುಡುಕಿ ತೆಗೆದು, ಬರೆದ. ಕೈ ನಡುಗುತ್ತಲೇ ಇತ್ತು. ಒಂದು ಪುಟಕ್ಕೆ ಮೂರು ಗಂಟೆ ಹಿಡಿಯಿತು. ಸಂಪಾದಕ ಆನಂದ್ ಬೆಂಗಳೂರಿನಿಂದ ಫೋನು ಮಾಡಿದರು.

"ಏನ್ರೀ ಇದು? ತಿದ್ದುಪಡಿ ಅಂದ್ರೆ ನಾಕು ಸಾಲು. ಕಣ್ತಪ್ಪಿನಿಂದ ಆಗಿದೆ ಅಂತ ಹಾಕೋಣ, ಮುಗೀತು."

"ಕಣ್ತಪ್ಪಲ್ಲ ಸಾರ್. ಕಣ್ಣು ಬಿಟ್ಕೊಂಡೇ ಬರೆದಿದ್ದು. ಅರ್ಜಿ ಫೋಟೊ ಜೊತೆಗಿಟ್ಟಿದ್ದೀನಿ, ಗುಂಡಿ ಯಾರು ಬೇಕಾದ್ರೂ ಅಳೆದು ನೋಡ್ಬಹುದು."

"ಹಿಂಗೇ ಹಾಕಿದ್ರೆ ನಾಳೆಯಿಂದ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ."

"ಗೊತ್ತು ಸಾರ್. ಹಾಕಿ."

ಎರಡು ದಿನ ಬಿಟ್ಟು ಸುದ್ದಿ ಬಂತು. ಪತ್ರಿಕೆ ಹಿಡಿದು ಅವನು ಬಿಳಿಗುಂಟೆಗೆ ಹೋದ. ಬೈಕಿನ ಡಬ್ಬಿಯಲ್ಲಿ ಆ ಕ್ವಾರ್ಟರ್ ಹಾಗೇ ಇತ್ತು. ಚೆಲ್ಲುವ ಧೈರ್ಯವೂ ಇರಲಿಲ್ಲ, ಕುಡಿಯುವ ಮುಖವೂ ಇರಲಿಲ್ಲ. ಮುನಿಶಾಮಪ್ಪನ ಹೆಂಡತಿ ಮುನಿಗಂಗಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಅವನು ಪತ್ರಿಕೆ ಚಾಚಿದ. ಅವಳು ಮೊರ ಕೆಳಗಿಡಲಿಲ್ಲ.

"ನಂಗ್ ಓದಕ್ ಬರಲ್ಲ. ಒಳೀಕ್ ಬರ್ಬ್ಯಾಡಿ. ಅಲ್ಲೇ ಬೀದೀಲ್ ನಿಂತ್ಕಂಡು ಓದಿ. ಗಟ್ಟಿಯಾಗ್ ಓದಿ."

ಗಂಗಣ್ಣ ಒಳಗಿಂದ ಬಂದು ಬಾಗಿಲಲ್ಲಿ ನಿಂತ. ಹಾಲಿನ ಡೇರಿಗೆ ಹೊರಟಿದ್ದ ನಾಲ್ಕು ಜನ ಕ್ಯಾನು ಹಿಡಿದೇ ನಿಂತರು. ಎದುರುಮನೆಯ ಕಿಟಕಿ ತೆರೆಯಿತು. ಉಮಾಶಂಕರ್ ಪತ್ರಿಕೆ ಬಿಡಿಸಿದ. ಅಕ್ಷರ ಕುಣಿಯುತ್ತಿದ್ದವು. ಶುರು ಮಾಡಿದ ದನಿ ಅವನಿಗೇ ಕೇಳಿಸಲಿಲ್ಲ.

"ಕೇಳ್ತಿಲ್ಲ," ಎಂದಳು ಮುನಿಗಂಗಮ್ಮ.

ಅವನು ಮೊದಲಿನಿಂದ ಶುರು ಮಾಡಿದ. "ಬಿಳಿಗುಂಟೆಯ ನೀರುಗಂಟಿ ಮುನಿಶಾಮಪ್ಪ ಅವರು ಕೆರೆಯಲ್ಲಿ ಅಕ್ರಮವಾಗಿ ತೋಡಿದ್ದ ಗುಂಡಿಗೆ ಬಿದ್ದು ಮೃತಪಟ್ಟರು. ಅವರು ಕುಡಿದಿರಲಿಲ್ಲ. ಅವರು ಎಂದೂ ಕುಡಿದವರಲ್ಲ. ಅಂದು ಕುಡಿದ ಅಮಲಿನಲ್ಲಿ ಇದ್ದವನು, ಆ ಸುದ್ದಿ ಬರೆದ ವರದಿಗಾರ ಉಮಾಶಂಕರ್."

ತನ್ನ ಹೆಸರು ಬಂದಲ್ಲಿ ದನಿ ಒಡೆಯಿತು. ಮುನಿಗಂಗಮ್ಮ ಈಗ ಮೊರವನ್ನು ಕೆಳಗಿಟ್ಟಳು. ಬೀದಿಯ ಕೊನೆಯ ಮನೆಗಳ ಕಡೆ ಕೈ ತೋರಿಸಿದಳು.

"ಆ ತುದೀಲೂ ಮನೆಗಳವೆ. ಅಲ್ಲೋಗಿ ಇನ್ನೊಂದ್ಸಲ ಓದಿ."

ಅವನು ಪತ್ರಿಕೆ ಮಡಿಸದೆ ನಡೆದ.