ಶಂಭುರಾಯರ ದಾಲ್ಚಿನ್ನಿ

ಅರವತ್ತೆಂಟನೇ ಇಸವಿಯಲ್ಲಿ ಎರ್ನಾಕುಲಂನ ಬ್ಯಾಂಕ್ ಕ್ವಾರ್ಟರ್ಸಿನ ಅಂಗಳದ ಮರ ಯಾವುದೆಂದು ಮ್ಯಾನೇಜರ್ ಶಂಭುರಾಯರು ಒಂದೇ ಎಲೆ ಕಿತ್ತು ನಿರ್ಧರಿಸಿಬಿಟ್ಟರು. ಮೈಸೂರಿನಲ್ಲಿ ಬಾಟನಿ ಓದಿದವರು, ಕೇಳಬೇಕೆ?

"ಎಲೇಲಿ ಮೂರು ನರ ಇದೆ ನೋಡಿ. ದಾಲ್ಚಿನ್ನಿ," ಎಂದರು.

ಕಾಸರಗೋಡಿನ ಗುಮಾಸ್ತ ದಿನಕರನಿಗೆ ಮರಗಳು ಗೊತ್ತಿರಲಿಲ್ಲ, ಬಡ್ತಿಯ ದಾರಿ ಗೊತ್ತಿತ್ತು. ಆ ಭಾನುವಾರವೇ ರಾಯರನ್ನು ಊಟಕ್ಕೆ ಕರೆದು, ಪಲಾವಿಗೆ ಅದೇ ಎಲೆ ಹಾಕಿಸಿದ. ರಾಯರು ತಲೆದೂಗಿದರು. ಬಾಯೆಲ್ಲ ಒಗರಾಗಿದ್ದರೂ ದಿನಕರ ಇನ್ನೊಮ್ಮೆ ಬಡಿಸಿಕೊಂಡು ಘಮವನ್ನು ಹೊಗಳಿದ. ವಾರದೊಳಗೆ ಕ್ವಾರ್ಟರ್ಸಿನ ಮನೆಮನೆಯಲ್ಲೂ ಆ ಇಲ್ಲದ ಘಮ ಹಬ್ಬಿತು.

ಮರುವರ್ಷ ಮರದ ತುಂಬ ಕೆಂಪು ಹಣ್ಣಿನ ಗೊಂಚಲು.

"ದಾಲ್ಚಿನ್ನಿ ಹಣ್ಣು ಕಪ್ಪಲ್ವಾ? ಪಕ್ಕದ ಮನೆ ಮಲಯಾಳಿ ಚೇಚಿ ಹತ್ರ ಕೇಳಿ ಬರ್ತೇನೆ," ಎಂದಳು ದಿನಕರನ ಹೆಂಡತಿ ಸುಮಿತ್ರ.

"ಸುಮ್ಮನಿರು ಮಾರಾಯ್ತಿ. ರಾಯರಿಗೆ ವರ್ಗ ಆಗುವವರೆಗೆ ಅದು ದಾಲ್ಚಿನ್ನಿಯೇ."

ವರ್ಗವೂ ಆಯಿತು. ಧಾರವಾಡದಿಂದ ಬಂದ ಹೊಸ ಮ್ಯಾನೇಜರು ಮೊದಲ ದಿನವೇ ಮರದ ಕೆಳಗೆ ನಿಂತು, ಹಣ್ಣೊಂದನ್ನು ಹಿಚುಕಿ ನೋಡಿ, "ಇದ್ಯಾವ ಗಿಡಾರೀ?" ಎಂದು ಕೇಳಿದರು.

ದಿನಕರ ಕೈಕಟ್ಟಿ ನಿಂತ.

"ತಮಗೆ ಏನು ಅನ್ನಿಸ್ತದೆ ಸಾರ್?"