ಮಾವನವರ ಹಾಡು

ರೆಕಾರ್ಡನ್ನು ಹಾಸಿಗೆಯಡಿಗೆ ತಳ್ಳಿ, ಹೊದಿಕೆ ಎಳೆದು ಸರಿಮಾಡುವಷ್ಟರಲ್ಲಿ ಮಗಳು ಕೋಣೆಯ ಬಾಗಿಲು ತೆರೆದಳು. ಮೀಟರಯ್ಯ ಹಾಸಿಗೆಯ ಇನ್ನೊಂದು ತುದಿಗೆ ಸರಿದು, ಬಹಳ ಹೊತ್ತಿನಿಂದ ಅಲ್ಲೇ ಕೂತವನ ಹಾಗೆ ಮುಖ ಮಾಡಿಕೊಂಡ.

"ಅಪ್ಪಾ, ಅಮ್ಮನ ರೆಕಾರ್ಡ್ ಇತ್ತಲ್ಲ, ಎಲ್ಲಿದೆ? ಪಿಟೀಲಿನವರು ಫೋನ್ ಮಾಡಿದ್ರು. ಅವತ್ತು ಅಮ್ಮನ ಜೊತೆ ಪಿಟೀಲು ನುಡಿಸಿದ್ದು ಅವರೇ ಅಂತೆ. ಪ್ಲೇಯರ್ ತರ್ತಾರಂತೆ. ಅಮ್ಮನ್ನ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ಹಾಕೋಣ ಅಂದ್ರು."

"ಅದು ಯಾವತ್ತೋ ಒಡೆದು ಹೋಯ್ತಲ್ಲಮ್ಮ."

"ಹೂಂ, ನಂಗೂ ಹಾಗೇ ನೆನಪು," ಎಂದು ಮಗಳು ಬಾಗಿಲು ಮುಂದೆ ಮಾಡಿ ಹೋದಳು.

ಮೀಟರಯ್ಯ ಸುಳ್ಳು ಹೇಳುವುದರಲ್ಲಿ ಪಳಗಿದವನೇನಲ್ಲ. ಆದರೆ ಈ ಒಂದು ಸುಳ್ಳನ್ನು ವರ್ಷಗಟ್ಟಲೆ ಸಾಕಿಕೊಂಡು ಬಂದಿದ್ದರಿಂದ, ಹೆಂಡತಿಯ ಹೆಣ ನಡುಮನೆಯಲ್ಲಿ ಮಲಗಿದ್ದಾಗಲೂ ಅದು ಸಲೀಸಾಗಿ ಬಾಯಿಗೆ ಬಂತು. ಬಂದ ಮೇಲೆ ಅವನಿಗೇ ಹೇಸಿಗೆಯಾಯಿತು.

ನಡುಮನೆಯಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ಬೀದಿಯವರು ಕೂತಿದ್ದರು. ಕರೆಂಟ್ ಕಂಪನಿಯಲ್ಲಿ ಮನೆಮನೆಯ ಮೀಟರು ಓದಿ ನಿವೃತ್ತನಾದ ಅವನನ್ನು ಆ ಬೀದಿ ಗುರುತಿಸುತ್ತಿದ್ದದ್ದೇ ಮೀಟರಯ್ಯ ಎಂದು. ಅವನು ಬಂದಾಗ ಒಬ್ಬರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಮೂಲೆಯಲ್ಲಿದ್ದ ಹೊಲಿಗೆ ಯಂತ್ರದ ಸೂಜಿಯಡಿಯಲ್ಲಿ ಯಾರದೋ ಅಂಗಿಯ ತೋಳು ಹಾಗೇ ನಿಂತಿತ್ತು.

"ಟೇಪು ಹಿಡಿದು ಅಳೆದದ್ದೇ ಇಲ್ಲ ನೋಡಿ, ಕಣ್ಣಲ್ಲೇ ಅಳೀತಿದ್ರು," ಎಂದಳು ಎದುರುಮನೆಯಾಕೆ. "ನಾನು ದಪ್ಪ ಆದ್ರೆ ನನಗಿಂತ ಮೊದಲು ಅವರಿಗೆ ಗೊತ್ತಾಗ್ತಿತ್ತು. ಏನೂ ಅಂತಿರಲಿಲ್ಲ, ಸುಮ್ನೆ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡೋರು."

"ಮಾತೇ ಕಮ್ಮಿ, ಪಾಪ," ಎಂದರು ಇನ್ನೊಬ್ಬರು.

"ಹೌದು, ಯಂತ್ರದ ಸದ್ದು ಬಿಟ್ರೆ ಈ ಮನೆಯಿಂದ ಇನ್ನೊಂದು ಸದ್ದು ಕೇಳಿದವರಿಲ್ಲ."

ಅದು ಹೊಗಳಿಕೆಯೆಂದೇ ಆಕೆ ಆಡಿದ ಮಾತು. ಮೀಟರಯ್ಯ ತಲೆ ತಗ್ಗಿಸಿದ. ಅವರು ಅದನ್ನು ದುಃಖ ಎಂದುಕೊಂಡರು.

*

ಮದುವೆಯಾದ ಹೊಸತು. ಮದುವೆಗೆ ಮುಂಚೆ ಅವಳು ಒಂದು ರೆಕಾರ್ಡ್ ಕಂಪನಿಗೆ ಒಂದೇ ಒಂದು ಹಾಡು ಹಾಡಿದ್ದಳು. ಅದು ಅಚ್ಚಾಗಿ, ಅಂಚೆಯಲ್ಲಿ ಗಂಡನ ಮನೆಗೇ ಬಂತು. ಅವಳೂ ಅಲ್ಲಿಯವರೆಗೆ ಅದನ್ನು ಕೇಳಿರಲಿಲ್ಲ. ಸುದ್ದಿ ತಿಳಿದು ಮೀಟರಯ್ಯನ ಆಫೀಸಿನವರು ಹಿಂಡುಹಿಂಡಾಗಿ ಬಂದರು. ಹಾಗೆ ಬಂದವರು ಇವನ ಯೋಗಕ್ಷೇಮ ಕೇಳಲಿಲ್ಲ. "ಹಾಡೋರ ಯಜಮಾನ್ರು ಇವರೇನಾ?" ಎಂದು ಒಬ್ಬ ಕಿಸಕ್ಕನೆ ನಕ್ಕ. ಆ ಮಾತು ಇವನಿಗೆ ಚುಚ್ಚಿತು.

ಪೊಟ್ಟಣ ಬಿಚ್ಚಿದರೆ ತಟ್ಟೆ ಚಿಕ್ಕದು, ನಡುವಿನ ತೂತು ಮಾತ್ರ ಎರಡು ಬೆರಳು ಜೋಡಿಸಿ ತೂರಿಸುವಷ್ಟು ದೊಡ್ಡದು. ಇವನ ಪ್ಲೇಯರಿನ ನಡುವಿನ ಕಡ್ಡಿಯೋ ಪೆನ್ಸಿಲಿನಷ್ಟು ತೆಳ್ಳಗೆ. ಮೀಟರಯ್ಯ ಬಗ್ಗುವವನೇ? ಹಳೇ ಚಪ್ಪಲಿಯ ರಬ್ಬರನ್ನು ದುಂಡಗೆ ಕೊಯ್ದು, ನಡುವೆ ತೂತು ಕೊರೆದು, ರೆಕಾರ್ಡಿನ ತೂತಿಗೆ ಕೂರಿಸಿದ.

"ಬೇರೇನೂ ಸಿಗ್ಲಿಲ್ವೇನ್ರೀ?" ಎಂದಳು ಅವಳು ಮೆಲ್ಲಗೆ.

"ತಿರುಗೋ ತಟ್ಟೆ ವಿಷಯ ನಂಗೆ ಹೇಳ್ಕೊಡ್ಬೇಡ. ದಿನಾ ನೋಡೋದು ಅದನ್ನೇ."

ಪ್ಲೇಯರಿನ ವೇಗ ಬದಲಿಸುವ ಗುಂಡಿ ತುಕ್ಕು ಹಿಡಿದು, ದೊಡ್ಡ ರೆಕಾರ್ಡುಗಳ ನಿಧಾನ ವೇಗಕ್ಕೇ ಕಚ್ಚಿಕೊಂಡಿತ್ತು. ಮನೆಗೊಂದು ವೇಗದಲ್ಲಿ ತಿರುಗುವ ಮೀಟರಿನ ತಟ್ಟೆಗಳನ್ನು ದಿನಬೆಳಗಾದರೆ ನೋಡುತ್ತಿದ್ದವನಿಗೆ, ರೆಕಾರ್ಡುಗಳ ವೇಗವೂ ಬೇರೆಬೇರೆ ಇರಬಹುದೆಂದು ಮಾತ್ರ ಹೊಳೆಯಲಿಲ್ಲ. ಮುಳ್ಳು ಇಟ್ಟ. ಒಳಗಿನಿಂದ ದಪ್ಪಗಿನ, ನಿದ್ದೆಗಣ್ಣಿನ ಗಂಡುದನಿಯೊಂದು ತೂರಾಡಿಕೊಂಡು ಹೊರಟಿತು.

"ಇದು ನನ್ನ ದನಿ ಅಲ್ಲ ಕಣ್ರೀ," ಎಂದಳು ಅವಳು.

"ಅವರವರ ದನಿ ಅವರವರಿಗೆ ಹಾಗೇ ಅನ್ಸೋದು," ಎಂದ ಮೀಟರಯ್ಯ. ಆಮೇಲೆ ಸಭೆಯ ಕಡೆ ತಿರುಗಿ, "ಇಲ್ಲ ಇಲ್ಲ, ಅವಳು ಹೇಳೋದು ಸರಿ. ಇದು ನಮ್ಮ ಮಾವನವರು ಹಾಡಿದ್ದು!" ಎಂದ.

ಮನೆ ಬಿದ್ದುಹೋಗುವ ಹಾಗೆ ನಕ್ಕರು. ಆ ನಗು ಮೀಟರಯ್ಯನಿಗೆ ಹಿತವಾಗಿತ್ತು. ಮತ್ತೆ ಯಾರೂ ಅವನನ್ನು ಹಾಡೋರ ಯಜಮಾನ ಎನ್ನಲಿಲ್ಲ.

ಅಲ್ಲಿಂದ ಶುರುವಾಯಿತು. ಹೊಲಿಯುತ್ತ ಅವಳು ಒಂದು ಸಾಲು ಗುನುಗಿದರೆ ಸಾಕು, "ಮಾವನವರು ಬಂದ್ರು, ಚಾಪೆ ಹಾಕಿ!" ಎನ್ನುತ್ತಿದ್ದ. ಮಗಳು ಮಾತು ಕಲಿತ ಮೇಲೆ ಅವಳಿಗೂ ಹೇಳಿಕೊಟ್ಟ. ಅವಳು ಗದ್ದವನ್ನು ಎದೆಗೆ ಒತ್ತಿಕೊಂಡು ದಪ್ಪದನಿಯಲ್ಲಿ ಹಾಡಿ ನೆಂಟರನ್ನೆಲ್ಲ ನಗಿಸುತ್ತಿದ್ದಳು. ಅಮ್ಮನೂ ನಗುತ್ತಿದ್ದಳು. ಗುನುಗುವುದು ಯಾವತ್ತು ನಿಂತಿತೋ ಮನೆಯಲ್ಲಿ ಯಾರೂ ಗಮನಿಸಲಿಲ್ಲ.

*

ಮಗಳು ಕಾಲೇಜಿಗೆ ಹೋಗುವ ಕಾಲಕ್ಕೆ ಪ್ಲೇಯರು ಪೂರ್ತಿ ಕೆಟ್ಟಿತು. ಮೀಟರಯ್ಯ ಅದನ್ನು ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದ. ಹಾಕಿ ನೋಡಲು ಇರಲಿ ಎಂದು ಕೈಗೆ ಸಿಕ್ಕ ಆ ರೆಕಾರ್ಡನ್ನೂ ಒಯ್ದ. ರಿಪೇರಿಯವನು ರಬ್ಬರನ್ನು ಚಿಮ್ಮಿ ಎಸೆದು, ಸರಿಯಾದ ಪ್ಲಾಸ್ಟಿಕ್ ಬಿಲ್ಲೆ ಕೂರಿಸಿದ.

"ಈ ತೂತು ಯಾಕಪ್ಪ ಹೀಗೆ?" ಎಂದು ಮೀಟರಯ್ಯ ಕೇಳಿದ.

"ಎರಡು ದೊಡ್ಡ ಕಂಪನಿಗಳ ಜಗಳ ಸಾರ್. ಒಬ್ಬ ದೊಡ್ಡ ತಟ್ಟೆ, ಸಣ್ಣ ತೂತು ಮಾಡಿದ. ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ ಸುತ್ತು, ನಿಧಾನಕ್ಕೆ ತುಂಬಾ ಹೊತ್ತು ಹಾಡ್ಲಿ ಅಂತ. ಇನ್ನೊಬ್ಬ, ಅವನು ಮಾಡಿದ್ದು ನಂಗ್ಯಾಕೆ ಅಂತ, ಸಣ್ಣ ತಟ್ಟೆ, ದೊಡ್ಡ ತೂತು, ನಲವತ್ತೈದು ಸುತ್ತು ಮಾಡಿದ. ಅವನ ಯಂತ್ರಕ್ಕೆ ದಪ್ಪ ಕಂಬ ಇತ್ತು. ಅದಕ್ಕೆ ರೆಕಾರ್ಡು ಪೇರಿಸಿಟ್ರೆ ಒಂದು ಮುಗಿದ ಮೇಲೆ ಇನ್ನೊಂದು ತಾನಾಗೇ ಕೆಳಗೆ ಬೀಳ್ತಿತ್ತು. ಬೀಳಿಸೋ ಕೀಲೆಲ್ಲ ಆ ಕಂಬದೊಳಗೇ ಇರ್ತಿತ್ತು, ಅದಕ್ಕೇ ತೂತು ದೊಡ್ಡದು. ಕೊನೆಗೆ ಇಬ್ರೂ ಉಳ್ಕೊಂಡ್ರು. ಒದ್ದಾಡೋರು ನಾವು."

ಅವನು ಕಚ್ಚಿಕೊಂಡಿದ್ದ ಗುಂಡಿಯನ್ನು ಬಿಡಿಸಿ ನಲವತ್ತೈದಕ್ಕೆ ತಿರುಗಿಸಿದ. ಮುಳ್ಳು ಇಟ್ಟ.

ಮೀಟರಯ್ಯ ಕೌಂಟರಿನ ಅಂಚು ಹಿಡಿದುಕೊಂಡ. ಆ ದನಿಯಲ್ಲಿದ್ದವಳು ಇಪ್ಪತ್ತರ ಹುಡುಗಿ. ಬಿಸಿಲಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಅಂಗಡಿಯೊಳಗೆ ಇಣುಕಿದರು.

"ಎಂಥ ಕಂಠ ಸಾರ್! ಯಾರಿವರು, ನಿಮಗೆ ಗೊತ್ತಾ?" ಎಂದ ರಿಪೇರಿಯವನು.

"ಇಲ್ಲ. ಯಾರೋ," ಎಂದ ಮೀಟರಯ್ಯ.

ಮನೆಗೆ ಹೋಗಿ ಹೇಳಿದ್ದಿದ್ದರೆ ಆಗಿತ್ತು. ತಪ್ಪಾಯಿತು ಕಣೇ, ನೀನು ಹೇಳಿದ್ದೇ ಸರಿ ಎಂದರೆ ಮುಗಿಯುತ್ತಿತ್ತು. ಪ್ಲೇಯರನ್ನು ಆಮೇಲೆ ಒಯ್ಯುತ್ತೇನೆಂದು ಅಂಗಡಿಯಲ್ಲೇ ಬಿಟ್ಟು, ರೆಕಾರ್ಡನ್ನು ಕೈಚೀಲದಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡು ಬಂದ. ಹೊಸ್ತಿಲು ದಾಟಿದಾಗ ಅವಳು ತಲೆಯೆತ್ತಿ ನೋಡಿದಳು, ಇವನಿಗೆ ಧೈರ್ಯ ಬರಲಿಲ್ಲ. "ಪ್ಲೇಯರು ಗುಜರಿಗೆ ಹೋಯ್ತು. ರೆಕಾರ್ಡೂ ದಾರೀಲಿ ಬಿದ್ದು ಒಡೀತು," ಎಂದ.

"ಹೋಗ್ಲಿ ಬಿಡಿ," ಎಂದು ಅವಳು ಮತ್ತೆ ಯಂತ್ರ ತುಳಿದಳು.

*

ಪಿಟೀಲಿನವರು ಆಟೋದಿಂದ ಇಳಿದಾಗ ಮೀಟರಯ್ಯನೇ ಬಾಗಿಲಿಗೆ ಹೋದ. "ರೆಕಾರ್ಡು ಇಲ್ಲವಲ್ಲ, ಸುಮ್ನೆ ನಿಮಗೆ ತೊಂದರೆ," ಎಂದ.

"ನನ್ನ ಹತ್ರ ಒಂದಿದೆಯಪ್ಪ," ಎಂದರು ಅವರು. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಪ್ಲೇಯರು ಇಟ್ಟು, ರೆಕಾರ್ಡಿಗೆ ಬಿಲ್ಲೆ ಕೂರಿಸಿದರು.

ಮಗಳು ಬಗ್ಗಿ ನೋಡಿದಳು. "ಅಪ್ಪ ಇದಕ್ಕೆ ಚಪ್ಪಲಿ ರಬ್ಬರು ಹಾಕಿದ್ರು," ಎಂದು ಅಳುವಿನ ನಡುವೆಯೂ ಸಣ್ಣಗೆ ನಕ್ಕಳು.

ಹಾಡು ಶುರುವಾಯಿತು. ತೆಳ್ಳನೆಯ, ಚುರುಕಾದ ದನಿ. ಎರಡನೆಯ ಸಾಲಿನ ಕೊನೆಗೆ, ಬರುತ್ತಿದ್ದ ನಗುವನ್ನು ತಡೆದುಕೊಂಡ ಹಾಗೆ ತುಸು ಬಳುಕಿತು. ಕುರ್ಚಿಗಳು ಅಲುಗಾಡುವುದು ನಿಂತಿತು.

"ಯಾರ್ರೀ ಇದು ಹಾಡ್ತಿರೋದು?" ಎಂದಳು ಎದುರುಮನೆಯಾಕೆ.

ಪಿಟೀಲಿನವರು ಮಲಗಿದ್ದವಳ ಕಡೆ ಕೈ ತೋರಿಸಿದರು.

ಹಾಡು ಮುಗಿದಾಗ ಅವರು ಮೀಟರಯ್ಯನ ಪಕ್ಕ ಕೂತು, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದರು: "ನಿಮ್ಮನೆಯವರು ಆಗಾಗ ನಮ್ಮನೆಗೆ ಬಂದು ಇದನ್ನ ಕೇಳಿ ಹೋಗ್ತಿದ್ರು. ಯಾರಿಗೂ ಹೇಳ್ಬೇಡಿ, ನಮ್ಮನೆಯವರಿಗೆ ನಾಚಿಕೆ ಆಗುತ್ತೆ, ಪಾಪ ಅನ್ನೋರು."

ಮೀಟರಯ್ಯನಿಗೆ ಕೂತಲ್ಲೇ ಮೈ ಸುಟ್ಟಂತಾಯಿತು. ಹಾಕಿದ ವೇಗ ತಪ್ಪೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಮರ್ಯಾದೆಯನ್ನು ತಾನೇ ಕಾದುಕೊಂಡು ಬಂದಿದ್ದಳು.

ಮಗಳು ಬಂದು ಅವನ ಮುಂದೆ ನೆಲದ ಮೇಲೆ ಕುಸಿದಳು. "ನಾನು ಅಮ್ಮನ್ನ ಅಣಕಿಸ್ತಿದ್ದೆ ಅಪ್ಪಾ. ಎಲ್ಲರ ಮುಂದೆ. ಅವಳ ದನಿ ಹೀಗಿತ್ತಾ? ನಮಗೆ ಯಾರಿಗೂ ಗೊತ್ತೇ ಇರ್ಲಿಲ್ಲ, ಅಲ್ವಾ?"

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಪಿಟೀಲಿನವರು ಬಾಯಿ ಬಿಡುವವರಲ್ಲ. ಬಾಯಿ ಬಿಡಬಹುದಾಗಿದ್ದವಳು ಅಲ್ಲಿ ಮಲಗಿದ್ದಳು. ಆದರೆ ಮಗಳು ತಾನೊಬ್ಬಳೇ ಅದನ್ನು ಹೊತ್ತುಕೊಂಡು ಅಳುತ್ತಿದ್ದಳು.

"ನಂಗೆ ಗೊತ್ತಿತ್ತು," ಎಂದ.

"ಏನು?"

"ನೀನು ಕಾಲೇಜಿಗೆ ಹೋಗ್ತಿದ್ದಾಗಿಂದ ಗೊತ್ತಿತ್ತು. ಅಂಗಡೀಲಿ ಕೇಳ್ದೆ. ರೆಕಾರ್ಡು ಒಡೆದಿಲ್ಲ, ಹಾಸಿಗೆ ಅಡಿ ಇದೆ. ಬೆಳಿಗ್ಗೆ ನಾನೇ ಬಚ್ಚಿಟ್ಟೆ."

ಮಗಳು ಅವನ ಮೊಣಕಾಲಿನ ಮೇಲಿದ್ದ ಕೈ ತೆಗೆದಳು. ಎದ್ದು ಹೋಗಿ ಅಮ್ಮನ ತಲೆಯ ಬಳಿ ನಿಂತಳು.

ವ್ಯಾನು ಬಂತು. ಎತ್ತಿ ಒಳಗಿಟ್ಟರು. ಪಕ್ಕದಲ್ಲಿ ಒಬ್ಬರು ಕೂರಲು ಜಾಗವಿತ್ತು. "ಮೀಟರಯ್ಯನೋರು ಹತ್ಲಿ, ದಾರಿ ಬಿಡಿ," ಎಂದರು ಯಾರೋ. ಅಷ್ಟರಲ್ಲಿ ಮಗಳು ಹತ್ತಿ ಕೂತು ಬಾಗಿಲು ಎಳೆದುಕೊಂಡಳು. ಮೀಟರಯ್ಯ ಹಿಂದಿನ ಕಾರಿಗೆ ಹೋಗಿ ಮುಂದಿನ ಸೀಟಿನಲ್ಲಿ ಕೂತ.

"ಅಂಥ ಕಂಠ ಇಟ್ಕೊಂಡು ಮನೇಲಿ ಒಂದು ದಿನಾನೂ ಹಾಡ್ಲಿಲ್ವಲ್ಲ, ಯಾಕೆ?" ಎಂದಳು ಹಿಂದಿನ ಸೀಟಿನಿಂದ ಎದುರುಮನೆಯಾಕೆ.

"ನಾನು ಹಾಡೋಕೆ ಬಿಡ್ಲಿಲ್ಲ," ಎಂದ ಮೀಟರಯ್ಯ.

ಮುಂದೆ ವ್ಯಾನು ನಿಧಾನವಾಗಿ ತಿರುವು ದಾಟುತ್ತಿತ್ತು. ಅದರ ಹಿಂಬದಿಯ ಗಾಜಿನಲ್ಲಿ ಮಗಳು ಅಮ್ಮನ ಕಿವಿಯ ಹತ್ತಿರ ಬಗ್ಗಿದ್ದಳು. ಹಾಡೋ, ಮಾತೋ, ಅವಳ ತುಟಿಗಳು ಆಡುತ್ತಿದ್ದವು. ಮೀಟರಯ್ಯ ಕಾರಿನ ಗಾಜು ಇಳಿಸಿ ಕಿವಿ ಹೊರಗೆ ಚಾಚಿದ. ಬೀದಿಯ ಗದ್ದಲ ಬಿಟ್ಟು ಏನೂ ಕೇಳಿಸಲಿಲ್ಲ.